ಶಾಲೆಯಲ್ಲಿ ಹೊಸದಾಗಿ ‘ಭಾವನೆ’ ಪೀರಿಯಡ್, ಅದಕ್ಕೂ ಗ್ರೇಡ್ ಅಂತೆ. ಇದನ್ನೆಲ್ಲ ಕಲಿಸಲು ಆಗುತ್ತಾ?

ನಿಟ್ಟುವಳ್ಳಿ ಅಮ್ಮ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವರು, ದುರ್ಗದವರು ಇಲ್ಲಿ ಜಾಸ್ತಿ ಇದ್ದೀರಿ, ಟೀಚರ್‌ಗಳೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಗಳು 8ನೇ ತರಗತಿ. ಶನಿವಾರ ಪೋಷಕರ ಸಭೆ ಇತ್ತು. ಈ ವರ್ಷದಿಂದ ವಾರಕ್ಕೊಂದು ‘ಎಮೋಷನಲ್ ಇಂಟೆಲಿಜೆನ್ಸ್’ ಪೀರಿಯಡ್ ಅಂದರು. ಭಾವನಾತ್ಮಕ ಬುದ್ಧಿವಂತಿಕೆ ಅಂತ ಕನ್ನಡದಲ್ಲೂ ಹೇಳಿದರು. ಅದಕ್ಕೊಂದು ಬಣ್ಣದ ವರ್ಕ್‌ಬುಕ್, ಅದರ ದುಡ್ಡು ಬೇರೆ. ವರ್ಷದ ಕೊನೆಗೆ ಎ, ಬಿ, ಸಿ ಅಂತ ಗ್ರೇಡ್ ಕೊಡುತ್ತಾರಂತೆ.

ಮನೆಯಲ್ಲಿ ನಮ್ಮ ಪಾಡು ಬೇರೆಯೇ ಇದೆ. ಗಣಿತದ ನೋಟ್‌ಬುಕ್ ತೆಗೆದ ಕೂಡಲೇ ಅವಳ ಮುಖ ಬಿಗಿದುಕೊಳ್ಳುತ್ತದೆ. ಹೋದ ವಾರ ಒಂದು ಲೆಕ್ಕ ಮೂರು ಸಲ ತಪ್ಪಿತು. ರಬ್ಬರ್ ಹಿಡಿದು ಉಜ್ಜಿದಳು, ಉಜ್ಜಿದಳು, ಹಾಳೆಗೆ ತೂತು ಬಿತ್ತು. ಆ ಹಾಳೆ ಕಿತ್ತು, ಉಂಡೆ ಮಾಡಿ, ಕಿಟಕಿಯಿಂದ ಆಚೆ ಎಸೆದಳು. ನಾನು ರೇಗಿಬಿಟ್ಟೆ. ‘ಇಷ್ಟು ಸಣ್ಣ ಲೆಕ್ಕ ಬರಲ್ವಾ ನಿನಗೆ’ ಅಂದೆ. ಅವತ್ತು ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ರಂಗೋಲಿ ಹಾಕಲು ಹೋದಾಗ ಆ ಉಂಡೆ ತುಳಸಿ ಕಟ್ಟೆ ಹತ್ತಿರ ಬಿದ್ದಿತ್ತು. ಬಿಡಿಸಿ, ಪುಸ್ತಕದ ಹಿಂದಿನ ಉತ್ತರದ ಜೊತೆ ಇಟ್ಟು ನೋಡಿದೆ. ಮೈನಸ್ 3 ಬರಬೇಕಿತ್ತು, ಇವಳು ಬರೀ 3 ಬರೆದಿದ್ದಳು. ಅಷ್ಟೇ ತಪ್ಪು.

ನನ್ನ ಪ್ರಶ್ನೆ ಎರಡು. ಇಂಥದ್ದನ್ನು ಪೀರಿಯಡ್ ಇಟ್ಟು ಕಲಿಸಬಹುದಾ? ಕಲಿಸಿದರೂ ಗ್ರೇಡ್ ಯಾಕೆ?

ಚೌಕಿಪೇಟೆ ಅಂಗಡಿ

ಮೇಡಂ, ಇದೆಲ್ಲ ದುಡ್ಡು ಮಾಡುವ ದಾರಿ. ಮೊದಲು ಅಬ್ಯಾಕಸ್ ಬಂತು, ಆಮೇಲೆ ವೇದಿಕ್ ಮ್ಯಾಥ್ಸ್, ಆಮೇಲೆ ಕೋಡಿಂಗ್. ಈಗ ಇದು. ನಮ್ಮ ಕಾಲದಲ್ಲಿ ಮೇಷ್ಟ್ರು ಏಟು ಕೊಟ್ಟರು, ನಾವು ಕಲಿತೆವು. ಮಕ್ಕಳನ್ನು ಗಾಜಿನ ಗೊಂಬೆ ಥರ ಸಾಕಿದರೆ ನಾಳೆ ವ್ಯಾಪಾರ ಮಾಡುವಾಗ ಗಿರಾಕಿ ಒಂದು ಮಾತು ಜೋರಾಗಿ ಅಂದರೆ ಅಳುತ್ತಾ ಕೂರುತ್ತಾರೆ.

ತೋಳಹುಣಸೆ ಹಾಸ್ಟೆಲ್

ನಾನು ಮನಃಶಾಸ್ತ್ರ ಎಂಎ ವಿದ್ಯಾರ್ಥಿನಿ. ಅಣ್ಣಾ, ವರ್ಕ್‌ಬುಕ್ ವ್ಯಾಪಾರದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ವಿಷಯ ಸುಳ್ಳಲ್ಲ.

ಪೀಟರ್ ಸಲೋವೆ, ಜಾನ್ ಮೇಯರ್ ಅನ್ನುವ ಇಬ್ಬರು ಅಮೆರಿಕದ ಮನಃಶಾಸ್ತ್ರಜ್ಞರು 1990ರಲ್ಲಿ ಈ ಹೆಸರಿಟ್ಟು ಒಂದು ಪ್ರಬಂಧ ಬರೆದರು. 1997ರಲ್ಲಿ ಅದನ್ನು ನಾಲ್ಕು ಭಾಗ ಮಾಡಿದರು. ಭಾವನೆಯನ್ನು ಗುರುತಿಸುವುದು, ಯೋಚನೆ ಮಾಡಲು ಅದನ್ನು ಬಳಸುವುದು, ಅದು ಯಾಕೆ ಬಂತು, ಎಲ್ಲಿಗೆ ಹೋಗುತ್ತದೆ ಅಂತ ತಿಳಿಯುವುದು, ಅದನ್ನು ಹದದಲ್ಲಿ ಇಟ್ಟುಕೊಳ್ಳುವುದು. ನಾಲ್ಕರಲ್ಲಿ ಎಲ್ಲಿಯೂ ‘ಅಳಬೇಡ’ ಅಂತಿಲ್ಲ. ‘ಸಿಟ್ಟು ಮಾಡಬೇಡ’ ಅಂತಲೂ ಇಲ್ಲ.

ವಿದ್ಯಾನಗರ ಟ್ರೈನರ್

ಸರಿಯಾಗಿ ಹೇಳಿದಿರಿ. ಜೀವನದಲ್ಲಿ ಗೆಲ್ಲಲು ಶೇ 80ರಷ್ಟು ಇ.ಕ್ಯೂ., ಅಂದರೆ ಈ ಭಾವನಾತ್ಮಕ ಬುದ್ಧಿವಂತಿಕೆ ಬೇಕು, ಶೇ 20 ಮಾತ್ರ ಐ.ಕ್ಯೂ., ಅಂದರೆ ಲೆಕ್ಕ, ತರ್ಕದ ಬುದ್ಧಿ. ಇದು ಸಾಬೀತಾದ ವಿಷಯ. ನಾನು ಎಲ್ಲ ಕಾರ್ಯಾಗಾರದಲ್ಲೂ ಇದನ್ನೇ ಮೊದಲು ಹೇಳುತ್ತೇನೆ.

ತೋಳಹುಣಸೆ ಹಾಸ್ಟೆಲ್

ಇಲ್ಲ ಸರ್, ದಯವಿಟ್ಟು ಅದನ್ನು ಹೇಳಬೇಡಿ. ಅದು ಸಾಬೀತಾಗಿಲ್ಲ. ಡೇನಿಯಲ್ ಗೋಲ್ಮನ್ 1995ರ ಪುಸ್ತಕದಲ್ಲಿ ಬದುಕಿನ ಯಶಸ್ಸಿಗೆ ಐ.ಕ್ಯೂ. ಪಾಲು ಹೆಚ್ಚೆಂದರೆ ಶೇ 20 ಅಂದರು, ಉಳಿದದ್ದು ಬೇರೆ ಬೇರೆ ಕಾರಣ ಅಂದರು. ಆ ಬೇರೆ ಕಾರಣದಲ್ಲಿ ಮನೆತನ ಇದೆ, ದುಡ್ಡಿದೆ, ಅದೃಷ್ಟ ಇದೆ. ಜನ ಉಳಿದ 80ನ್ನು ಪೂರ್ತಿ ಇ.ಕ್ಯೂ. ಲೆಕ್ಕಕ್ಕೇ ಬರೆದುಬಿಟ್ಟರು. 1990ರ ಆ ಪ್ರಬಂಧ ಬರೆದ ಮೇಯರ್ ಅವರೇ ಅದನ್ನು ತಪ್ಪು ಅಂದಿದ್ದಾರೆ.

ಗಟ್ಟಿ ಸಾಕ್ಷಿ ಬೇಕಾದರೆ 2011ರ ಒಂದು ಅಧ್ಯಯನ ನೋಡಿ. ಜೋಸೆಫ್ ಡರ್ಲಾಕ್ ಮತ್ತು ಜೊತೆಯವರದ್ದು. ಶಾಲೆಗಳಲ್ಲಿ ನಡೆದ 213 ಇಂಥ ಕಾರ್ಯಕ್ರಮಗಳನ್ನು, 2,70,034 ಮಕ್ಕಳ ಲೆಕ್ಕವನ್ನು ಒಟ್ಟಿಗೆ ಸೇರಿಸಿ ನೋಡಿದರು. ಪಾಠದಲ್ಲೂ ಮಕ್ಕಳು ಸುಧಾರಿಸಿದ್ದರು. 100 ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ನಡುವೆ ನಿಂತಿದ್ದ ಮಗು 11 ಜಾಗ ಮುಂದೆ ಬಂದ ಹಾಗೆ. ಇನ್ನೊಂದು ಮಾತು. ತರಗತಿಯ ಟೀಚರೇ ನಡೆಸಿದ ಕಡೆಯೂ ಒಳ್ಳೆಯ ಫಲ ಬಂದಿತ್ತು. ಹೊರಗಿನಿಂದ ಯಾರೋ ಬಂದೇ ಕಲಿಸಬೇಕು ಅಂತಿಲ್ಲ.

ವಿದ್ಯಾನಗರ ಟ್ರೈನರ್

ಸರಿ. ಆ 80ರ ಲೆಕ್ಕ ನನಗೂ ಯಾರೋ ಹೇಳಿಕೊಟ್ಟದ್ದು. ತೆಗೆದುಹಾಕುತ್ತೇನೆ.

ಜಗಳೂರು ಟೀಚರ್

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇದ್ದೇನೆ. ವರ್ಕ್‌ಬುಕ್ ಇಲ್ಲ, ಪೀರಿಯಡ್ ಇಲ್ಲ. ನಾನು ಮಾಡುವ ಒಂದೇ ಒಂದು ಸಂಗತಿ ಹೇಳುತ್ತೇನೆ.

ನಮ್ಮ ಮಕ್ಕಳ ಬಾಯಲ್ಲಿ ಎಲ್ಲದಕ್ಕೂ ಒಂದೇ ಪದ, ‘ಬೇಜಾರು’. ಯಾಕೋ ಮಂಕಾಗಿದ್ದೀಯ ಅಂದರೆ ‘ಬೇಜಾರು ಮಿಸ್’. ಯಾಕೆ ಹೊಡೆದೆ ಅಂದರೆ ‘ಬೇಜಾರಾಯ್ತು ಮಿಸ್’. ಒಂದು ದಿನ 5ನೇ ತರಗತಿಯಲ್ಲಿ ಬೋರ್ಡ್ ಮೇಲೆ ದೊಡ್ಡದಾಗಿ ಬೇಜಾರು ಅಂತ ಬರೆದೆ. ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟೆ. ಹೋದ ಸಲ ಯಾವಾಗ ಬೇಜಾರಾಯಿತು, ಒಂದು ಸಾಲು ಬರೆಯಿರಿ, ಹೆಸರು ಬೇಡ ಅಂದೆ.

‘ಅಜ್ಜಿ ಊರಿಗೆ ಹೋದಳು.’ ‘ಪೆನ್ಸಿಲ್ ಕದ್ದೆ ಅಂದರು, ನಾನು ಕದ್ದಿಲ್ಲ.’ ‘ಅವಳು ನನ್ನ ಬಿಟ್ಟು ಬೇರೆಯವರ ಹತ್ತಿರ ಕೂತಳು.’ ‘ಭಾನುವಾರ ಏನೂ ಕೆಲಸ ಇರಲಿಲ್ಲ.’ ‘ರಾತ್ರಿ ಅಪ್ಪ ಕುಡಿದು ಬಂದರು.’

ಇವೆಲ್ಲ ಒಂದೇ ಬೇಜಾರಾ? ಮೊದಲನೆಯದು ಅಗಲಿಕೆ, ಆಮೇಲಿನದು ಅವಮಾನ. ಗೆಳತಿಯದ್ದು ಹೊಟ್ಟೆಕಿಚ್ಚು, ಭಾನುವಾರದ್ದು ಬರೀ ಹೊತ್ತು ಹೋಗದ ಬೇಸರ. ಕೊನೆಯದು ಭಯ. ಅಪ್ಪನ ಚೀಟಿಯನ್ನು ನಾನು ಗಟ್ಟಿಯಾಗಿ ಓದಲಿಲ್ಲ. ಉಳಿದವಕ್ಕೆ ಮಕ್ಕಳೇ ಹೆಸರು ಹುಡುಕಿದರು. ಅರ್ಧ ಗಂಟೆಯಲ್ಲಿ ಹನ್ನೆರಡು ಪದ ಸಿಕ್ಕವು. ಎಲ್ಲ ಅವರ ಮನೆಯ ಪದಗಳೇ. ಕಸಿವಿಸಿ ಅಂದ ಒಬ್ಬ. ಹೊಟ್ಟೆ ಉರಿ ಅಂದಳು ಒಬ್ಬಳು. ‘ಎದೆ ಧಸಕ್ ಅನ್ನೋದು’ ಅಂತ ಇನ್ನೊಬ್ಬ. ಈಗ ಆ ಪಟ್ಟಿ ಗೋಡೆ ಮೇಲಿದೆ.

ಮುಂದಿನ ವಾರ ಒಬ್ಬ ಹುಡುಗ ಜಗಳ ಮಾಡಿಕೊಂಡು ಬಂದ. ಏನಾಯ್ತಪ್ಪ ಅಂದೆ. ಗೋಡೆ ಹತ್ತಿರ ಹೋಗಿ ‘ಅವಮಾನ’ ಅನ್ನುವ ಪದ ತೋರಿಸಿದ. ಬಾಯಿ ಬಿಡಲಿಲ್ಲ, ಬರೀ ಬೆರಳು ಇಟ್ಟ. ಐದು ನಿಮಿಷದಲ್ಲಿ ಜಗಳ ಬಗೆಹರಿಯಿತು. ಏನು ಬಗೆಹರಿಸಬೇಕು ಅಂತ ಮೊದಲ ಸಲ ನನಗೆ ಗೊತ್ತಾಗಿತ್ತು.

ಹರಿಹರದ ಸೊಸೆ

ಟೀಚರ್, ಓದಿ ಕಣ್ಣು ತುಂಬಿತು.

ತೋಳಹುಣಸೆ ಹಾಸ್ಟೆಲ್

ಮಿಸ್, ನೀವು ಮಾಡಿದ್ದಕ್ಕೆ ನಮ್ಮ ಪಾಠದಲ್ಲಿ ಆಧಾರ ಇದೆ. ಭಾವನೆಗೆ ಸರಿಯಾದ ಹೆಸರು ಇಟ್ಟರೆ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಅನ್ನುವ ಭಾಗ ಸ್ವಲ್ಪ ತಣ್ಣಗಾಗುತ್ತದೆ. ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿತು.

ಚೌಕಿಪೇಟೆ ಅಂಗಡಿ

ಟೀಚರ್ ಒಳ್ಳೆಯವರು, ಅದು ಬೇರೆ ಮಾತು. ಆದರೆ ದಿನಾ ಚೀಟಿ ಬರೆಸುತ್ತಾ ಕೂತರೆ ಪೋರ್ಷನ್ ಮುಗಿಸುವವರು ಯಾರು? ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಯಾವ ಜಿಲ್ಲೆ ಎಷ್ಟನೇ ಸ್ಥಾನ ಅಂತ ಪೇಪರ್‌ನಲ್ಲಿ ಬರುತ್ತದೆ. ಯಾವ ಜಿಲ್ಲೆಯ ಮಕ್ಕಳು ಸಮಾಧಾನವಾಗಿದ್ದಾರೆ ಅಂತ ಬರುವುದಿಲ್ಲ.

ಮಾಯಕೊಂಡ ಮೇಷ್ಟ್ರು

ಅಂಗಡಿಯವರೇ, ಪೋರ್ಷನ್ ಮುಗಿಸಿದ ಮೇಷ್ಟ್ರು ನಾನು. ಪ್ರತಿ ವರ್ಷ ಜನವರಿಗೆ ಮುಗಿಸುತ್ತಿದ್ದೆ. ನಿವೃತ್ತನಾಗಿ ಆರು ವರ್ಷ. ಒಂದು ಮಾತು ಹೇಳಲೇಬೇಕು.

ತೊಂಬತ್ತರ ದಶಕದ ಕೊನೆ. ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ದಿನಾ ತಡ. ಅಪ್ಪ ಇಲ್ಲ, ರಾತ್ರಿ ಕಾಲುವೆ ನೀರು ಬಿಟ್ಟಾಗ ಗದ್ದೆಗೆ ನೀರು ಕಟ್ಟಲು ಇವನೇ ಹೋಗಬೇಕಿತ್ತು. ಅದು ನನಗೆ ಆಮೇಲೆ ಗೊತ್ತಾಗಿದ್ದು. ಅವತ್ತು ಬಾಗಿಲಲ್ಲೇ ನಿಲ್ಲಿಸಿ ಹದಿಮೂರರ ಮಗ್ಗಿ ಹೇಳು ಅಂದೆ. ಹದಿಮೂರು ನಾಲ್ಕಲಿ ಐವತ್ತೆರಡು ಅಂದ, ನಿಂತುಬಿಟ್ಟ. ಬೆಂಚಿನ ಮೇಲೆ ಹತ್ತಿಸಿದೆ. ಉಳಿದವರ ಕೈಯಲ್ಲಿ ಒಕ್ಕೊರಲಿನಿಂದ ಮಗ್ಗಿ ಹೇಳಿಸಿದೆ. ಅವನು ಮೇಲೆ, ಅವರು ಕೆಳಗೆ. ನಾಲ್ಕು ದಿನ ಹೀಗೆ ಮಾಡಿದೆ. ಐದನೇ ದಿನ ಅವನು ಬರಲಿಲ್ಲ. ಮತ್ತೆ ಬರಲೇ ಇಲ್ಲ.

ಹತ್ತು ವರ್ಷದ ಹಿಂದೆ ದಾವಣಗೆರೆ ಎಪಿಎಂಸಿಗೆ ನನ್ನ ಮೆಕ್ಕೆಜೋಳ ಹಾಕಲು ಹೋಗಿದ್ದೆ. ತೂಕ 47 ಕ್ವಿಂಟಾಲ್ 60 ಕೆ.ಜಿ. ಬೆಲೆ ಕ್ವಿಂಟಾಲಿಗೆ 1,350. ಗುಮಾಸ್ತ ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಚೀಲ ಹೊಲಿಯುತ್ತಿದ್ದ ಹಮಾಲಿ ತಲೆ ಎತ್ತದೆ ಅಂದ: ‘ಅರವತ್ತನಾಲ್ಕು ಸಾವಿರದ ಇನ್ನೂರ ಅರವತ್ತು.’ ಸರಿಯಾಗಿತ್ತು. ತಲೆ ಎತ್ತಿದಾಗ ಗುರುತು ಹಿಡಿದೆ. ಅವನಿಗೆ ನಾನು ಮೊದಲೇ ಗೊತ್ತಾಗಿದ್ದೆ.

‘ಲೆಕ್ಕ ಆವಾಗಲೂ ಬರ್ತಿತ್ತು ಸಾರ್. ನಿಂತ್ರೆ ಬಾಯಿ ಬರ್ತಿರಲಿಲ್ಲ’ ಅಂದ. ಸಿಟ್ಟು ಇರಲಿಲ್ಲ ಮಾತಿನಲ್ಲಿ. ಚೀಲಕ್ಕೆ ದಾರ ಹಾಕಿ ಮುಂದಕ್ಕೆ ಹೋದ.

ಏಟಿನಿಂದ ಕಲಿತೆವು ಅನ್ನುತ್ತೀರಿ. ಏಟು ತಿಂದು ಉಳಿದವರು ಮಾತ್ರ ಇವತ್ತು ಹಾಗನ್ನಲು ಇದ್ದೇವೆ. ಬಿಟ್ಟು ಹೋದವರ ಲೆಕ್ಕ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆ ಎರಡನೆಯದನ್ನು ನಾನು ಕೋಲು ಬಿಟ್ಟ ಮೇಲೂ ಎಷ್ಟೋ ವರ್ಷ ಮಾಡಿದ್ದೇನೆ.

ಚೌಕಿಪೇಟೆ ಅಂಗಡಿ

ಮೇಷ್ಟ್ರೇ, ಏನು ಹೇಳಬೇಕೋ ತಿಳಿಯುತ್ತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬರುತ್ತೇನೆ.

ಕೋಟೆ ಹುಡುಗ

ನಾನು ದುರ್ಗದಿಂದ, ಸೆಕೆಂಡ್ ಪಿಯು. ಮೇಷ್ಟ್ರು ಹೇಳಿದ ಹಾಗೆ ನನಗೂ ಆಗುತ್ತೆ. ಫಿಸಿಕ್ಸ್ ಪ್ರಿಪರೇಟರಿಯಲ್ಲಿ ಪ್ರಶ್ನೆ ಪತ್ರಿಕೆ ಕೈಗೆ ಬಂದ ತಕ್ಷಣ ಎಲ್ಲ ಖಾಲಿ. ಹಿಂದಿನ ದಿನ ಅಕ್ಕನಿಗೆ ಪಾಠ ಮಾಡಿ ತೋರಿಸಿದ್ದೆ ಅದೇ ಚಾಪ್ಟರ್. ಹೊರಗೆ ಬಂದು ಸೈಕಲ್ ಸ್ಟ್ಯಾಂಡ್‌ನಲ್ಲಿ ನಿಂತಾಗ ಸೂತ್ರ ಸಾಲಾಗಿ ನೆನಪಾಯಿತು. ಇದಕ್ಕೇನು ಮಾಡಬೇಕು?

ತೋಳಹುಣಸೆ ಹಾಸ್ಟೆಲ್

ತಮ್ಮಾ, ನಿನಗೆ ಮರೆವಿಲ್ಲ. ಲೆಕ್ಕ ಮಾಡುವಾಗ ಅಂಕಿಗಳನ್ನು ಕ್ಷಣಕಾಲ ಹಿಡಿದಿಡಲು ಮನಸ್ಸಿನಲ್ಲಿ ಒಂದು ಸಣ್ಣ ಜಾಗ ಇರುತ್ತದೆ. ‘ಫೇಲಾದರೆ, ಅಪ್ಪ ಏನಂತಾರೆ’ ಅನ್ನುವ ಯೋಚನೆ ಬಂದು ಅದೇ ಜಾಗದಲ್ಲಿ ಕೂರುತ್ತದೆ. ಸೂತ್ರಕ್ಕೆ ಜಾಗ ಇರುವುದಿಲ್ಲ.

ಒಂದು ಸುಲಭದ ಕೆಲಸ ಮಾಡಿ ನೋಡು. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಒಂದು ಕಡೆ ಕೂತು, ನಿನಗಿರುವ ಭಯ ಏನೇನು ಅಂತ ಬಿಳಿ ಹಾಳೆಯಲ್ಲಿ ಬರೆ. ಅಕ್ಷರ ಚೆನ್ನಾಗಿರಬೇಕಿಲ್ಲ. ಯಾರಿಗೂ ತೋರಿಸಬೇಡ. ಜೆರಾರ್ಡೊ ರಾಮಿರೆಜ್, ಸಯಾನ್ ಬೈಲಾಕ್ ಅನ್ನುವವರು 2011ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಜಾಸ್ತಿ ಭಯ ಬೀಳುವ ಮಕ್ಕಳಿಗೇ ಇದರಿಂದ ಜಾಸ್ತಿ ಲಾಭ ಆಗಿತ್ತು.

ನಿದ್ದೆ, ಊಟ ಬಿಡುವಷ್ಟು ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡು. 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಕೋಟೆ ಹುಡುಗ

ಥ್ಯಾಂಕ್ಸ್ ಅಕ್ಕಾ. ಬರೆದು ನೋಡುತ್ತೇನೆ.

ಬೆಣ್ಣೆ ನಗರಿ

ತಮ್ಮಾ, ಪರೀಕ್ಷೆ ಮುಗಿಸಿ ದಾವಣಗೆರೆಗೆ ಬಾ. ಸೌದೆ ಒಲೆ ಮೇಲೆ ಹುಯ್ದ ಬೆಣ್ಣೆ ದೋಸೆ ಕೊಡಿಸುತ್ತೇನೆ. ಎಲ್ಲ ಭಯ ಹೋಗುತ್ತೆ.

ಕೋಟೆ ಹುಡುಗ

ನಮ್ಮ ದುರ್ಗದಲ್ಲೂ ಬೆಣ್ಣೆ ದೋಸೆ ಸಿಗುತ್ತೆ ಅಣ್ಣಾ.

ಬೆಣ್ಣೆ ನಗರಿ

ಸಿಗುತ್ತೆ. ಆದರೆ ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬುವ ಹದ ಇಲ್ಲಿಯದೇ. ಆಲೂಗಡ್ಡೆ ಪಲ್ಯ, ತೆಂಗಿನಕಾಯಿ ಚಟ್ನಿ...

ನಿರ್ವಾಹಕರು

ದೋಸೆಗೆ ಬೇರೆ ಎಳೆ ಇದೆ, ಅಲ್ಲಿ ಮುಂದುವರಿಸಿ. ಇಲ್ಲಿ ನಿಟ್ಟುವಳ್ಳಿ ಅಮ್ಮನವರ ಪ್ರಶ್ನೆ ಇನ್ನೂ ಅರ್ಧ ಉಳಿದಿದೆ.

ಜಗಳೂರು ಟೀಚರ್

ಗ್ರೇಡ್ ಬಗ್ಗೆ ನನ್ನ ಮಾತು. ಖಂಡಿತ ಬೇಡ. ನಾಚಿಕೆ ಸ್ವಭಾವದ ಮಗುವಿಗೆ ಸಿ, ಬಾಯಿ ಜೋರಿರುವ ಮಗುವಿಗೆ ಎ ಬರುತ್ತದೆ. ಆಮೇಲೆ ಮಕ್ಕಳು ಟೀಚರಿಗೆ ಇಷ್ಟವಾಗುವ ಉತ್ತರ ಬರೆಯುವುದನ್ನು ಕಲಿಯುತ್ತಾರೆ. ‘ನನಗೆ ಸಿಟ್ಟು ಬಂದಾಗ ಹತ್ತು ಎಣಿಸುತ್ತೇನೆ’ ಅಂತ ಚೆಂದದ ಅಕ್ಷರದಲ್ಲಿ ಬರೆದು, ಹೊರಗೆ ಹೋಗಿ ಬ್ಯಾಗ್ ಒದೆಯುತ್ತಾರೆ. ದೆಹಲಿ ಸರ್ಕಾರಿ ಶಾಲೆಗಳಲ್ಲಿ 2018ರ ಜುಲೈನಲ್ಲಿ ನರ್ಸರಿಯಿಂದ 8ರವರೆಗೆ ‘ಹ್ಯಾಪಿನೆಸ್’ ತರಗತಿ ಶುರು ಮಾಡಿದಾಗ ಅದಕ್ಕೆ ಪರೀಕ್ಷೆಯನ್ನೂ ಇಡಲಿಲ್ಲ, ಅಂಕವನ್ನೂ ಇಡಲಿಲ್ಲ. ಅದು ಸರಿಯಾದ ದಾರಿ.

ಇನ್ನೊಂದು ಮುಖ್ಯ. ಆ ವರ್ಕ್‌ಬುಕ್ ಯಾರ ಕೈಗೆ ಹೋಗುತ್ತದೆ ಅಂತ ಕೇಳಿ. ನನ್ನ ಆ ‘ಅಪ್ಪ ಕುಡಿದು ಬಂದರು’ ಚೀಟಿ ಬರೆದ ಮಗುವಿನ ಹೆಸರು ಅಕ್ಷರದಿಂದ ನನಗೆ ತಿಳಿಯಿತು. ಅದು ನಾನು ಕಾಪಾಡಬೇಕಾದ ಗುಟ್ಟು. ಅಂಥದ್ದು ಪ್ರಿಂಟಾದ ಪುಸ್ತಕದಲ್ಲಿ ಬರೆದು, ಪಕ್ಕದ ಹುಡುಗ ಓದಿ, ಬಸ್ಸಿನಲ್ಲಿ ಆಡಿಕೊಂಡರೆ? ಆ ಮಗು ಜನ್ಮದಲ್ಲಿ ಮತ್ತೆ ಬಾಯಿ ಬಿಡುವುದಿಲ್ಲ. ಮಗುವಿಗೆ ಮನೆಯಲ್ಲಿ ಅಪಾಯ ಇದೆ ಅಂತ ಗೊತ್ತಾದರೆ ಟೀಚರ್ ಏನು ಮಾಡಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಫೋನ್ ಮಾಡಬೇಕು, ಇದೆಲ್ಲ ತೀರ್ಮಾನ ಮಾಡಿಕೊಂಡು ಆಮೇಲೆ ಪೀರಿಯಡ್ ಶುರು ಮಾಡಲಿ.

ಮಾಯಕೊಂಡ ಮೇಷ್ಟ್ರು

ಟೀಚರಮ್ಮ ಹೇಳಿದ್ದಕ್ಕೆ ಸೇರಿಸುತ್ತೇನೆ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯಲ್ಲಿ ಇದು ತನ್ನಷ್ಟಕ್ಕೇ ಇತ್ತು. ಒಂದರಿಂದ ಮೂರನೇ ತರಗತಿಯವರೆಗೆ ಗೋಡೆಯ ಮೇಲೆ ಕಲಿಕಾ ಏಣಿ. ಪ್ರತಿ ಮಗುವೂ ತನ್ನ ಮೆಟ್ಟಿಲಲ್ಲಿ. ಪಕ್ಕದವಳು ಎರಡು ಮೆಟ್ಟಿಲು ಮುಂದಿದ್ದರೂ ನಾನು ದಡ್ಡ ಅಂತ ಯಾರಿಗೂ ಅನ್ನಿಸುತ್ತಿರಲಿಲ್ಲ. ನಾಳೆ ನಾನೂ ಅಲ್ಲಿಗೆ ಹೋಗುತ್ತೇನೆ, ಅಷ್ಟೇ. ನಾಲ್ಕಕ್ಕೆ ಬಂದ ಕೂಡಲೇ ಎಲ್ಲರಿಗೂ ಒಂದೇ ದಿನ ಒಂದೇ ಪಾಠ. ಅವತ್ತಿನಿಂದ ಹೋಲಿಕೆ ಶುರು, ನಾಚಿಕೆ ಶುರು.

ಜಗಳೂರು ಟೀಚರ್

ಮೇಷ್ಟ್ರೇ, ನಲಿ-ಕಲಿಯನ್ನು ಅಷ್ಟೊಂದು ಹೊಗಳಬೇಡಿ. ಮೂರು ತರಗತಿ ಒಟ್ಟಿಗೆ ಕೂರಿಸಿ ಒಬ್ಬರೇ ಟೀಚರ್ ಆದರೆ ಕಾರ್ಡ್ ಹಂಚುವುದರಲ್ಲೇ ದಿನ ಹೋಗುತ್ತದೆ. ಆದರೆ ನಾಚಿಕೆಯ ಬಗ್ಗೆ ಹೇಳಿದ್ದು ನಿಜ. ನಾಲ್ಕನೇ ತರಗತಿಯಲ್ಲಿ ಜೂನ್‌ನಲ್ಲಿ ಎತ್ತುತ್ತಿದ್ದ ಕೈಗಳು ಆಗಸ್ಟ್‌ಗೆ ಕೆಳಗಿಳಿದಿರುತ್ತವೆ. ನಾನು ಪ್ರತಿ ವರ್ಷ ನೋಡುತ್ತೇನೆ.

ಹರಿಹರದ ಸೊಸೆ

ಎಲ್ಲರೂ ಮಕ್ಕಳ ಬಗ್ಗೆ ಹೇಳುತ್ತಿದ್ದೀರಿ. ದೊಡ್ಡವರಿಗೂ ಇದೇ ಕಥೆ. ನಾನು 43ನೇ ವಯಸ್ಸಿನಲ್ಲಿ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಗೆ ಸೇರಿದೆ. ಪಿಯುಸಿ ಮುಗಿಸಿ 25 ವರ್ಷ ಆಗಿತ್ತು. ಓದು ಕಷ್ಟವಾಗಲಿಲ್ಲ. ಕಷ್ಟವಾಗಿದ್ದು ಪುಸ್ತಕ ಹಿಡಿದು ಹಜಾರದಲ್ಲಿ ಕೂರುವುದು. ಯಾರಾದರೂ ಬಂದರೆ ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ಇಡುತ್ತಿದ್ದೆ. ‘ಈ ವಯಸ್ಸಲ್ಲಿ ಯಾತಕ್ಕಮ್ಮ’ ಅನ್ನುವ ಮಾತು ಕೇಳಲು ನನಗೆ ತ್ರಾಣ ಇರಲಿಲ್ಲ.

ಮೊದಲ ಅಸೈನ್‌ಮೆಂಟ್ ಬರೆಯಲು ಕೂತರೆ ಕೈ ನಡುಗಿತು. ಶಾಲೆಯಲ್ಲಿ ಒಬ್ಬರು ಟೀಚರ್ ನನ್ನ ನಿಬಂಧವನ್ನು ಎಲ್ಲರ ಮುಂದೆ ಓದಿ ನಕ್ಕಿದ್ದರು. ಅದು 7ನೇ ತರಗತಿಯಲ್ಲಿ. 43ರಲ್ಲೂ ಅವರ ನಗು ಕಿವಿಯಲ್ಲಿತ್ತು. ಪೆನ್ನು ಕೆಳಗಿಟ್ಟು ಎದ್ದುಹೋದೆ, ಪಾತ್ರೆ ತೊಳೆದೆ, ಮತ್ತೆ ಬಂದು ಕೂತೆ. ಮೂರು ದಿನ ಹೀಗೇ ಆಯಿತು. ನಾಲ್ಕನೇ ದಿನ ‘ಬರೆದದ್ದು ಕೆಟ್ಟದಾಗಿದ್ದರೆ ಕೆಟ್ಟದಾಗಿರಲಿ’ ಅಂತ ಬರೆದು ಮುಗಿಸಿದೆ. ಹೋದ ವರ್ಷ ಡಿಗ್ರಿ ಬಂತು. ಈಗ ಪುಸ್ತಕ ಹಜಾರದ ಟೀಪಾಯಿ ಮೇಲೇ ಇರುತ್ತದೆ.

ಹೊನ್ನಾಳಿ ಹೊಲ

ತಾಯಿ, ನಿಮಗೆ ದೊಡ್ಡ ನಮಸ್ಕಾರ.

ನಮ್ಮ ಹೊಲದ ಕಥೆ ಹೇಳುತ್ತೇನೆ, ಸಂಬಂಧ ಇದೆ. 2018ರಲ್ಲಿ ಮೆಕ್ಕೆಜೋಳಕ್ಕೆ ಹೊಸ ಲದ್ದಿ ಹುಳು ಬಂತು. ಫಾಲ್ ಆರ್ಮಿವರ್ಮ್ ಅಂತಾರೆ. ನಮ್ಮ ದೇಶದಲ್ಲಿ ಅದು ಮೊದಲು ಕಂಡಿದ್ದೇ ಪಕ್ಕದ ಶಿವಮೊಗ್ಗದಲ್ಲಿ. ನಾವು ಇಪ್ಪತ್ತು ವರ್ಷ ಜೋಳ ಬೆಳೆದವರು. ಹುಳ ಗೊತ್ತಿಲ್ಲ ಅಂತ ಹೇಳಲು ಮರ್ಯಾದೆ ಅಡ್ಡ ಬಂತು. ನಾನು ಹಳೇ ಔಷಧಿಯನ್ನೇ ಎಲೆ ಮೇಲೆ ಎರಡು ಸಲ ಹೊಡೆದೆ. ಹುಳ ಸುಳಿಯೊಳಗೆ ಆರಾಮಾಗಿ ಕೂತಿತ್ತು.

ನಮ್ಮೂರಲ್ಲಿ ಒಬ್ಬ ಹುಡುಗ, ಎರಡೇ ಎಕರೆ ಇರುವವನು, ಹುಳವನ್ನು ಬಾಟಲಿಯಲ್ಲಿ ಹಾಕಿಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದ. ‘ನನಗೆ ಗೊತ್ತಿಲ್ಲ, ಹೇಳಿಕೊಡಿ’ ಅಂದ. ತಲೆ ಮೇಲೆ ತಲೆಕೆಳಗಾದ ‘ವೈ’ ಅಕ್ಷರದಂಥ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ, ಔಷಧಿ ಸುಳಿಯೊಳಗೆ ಇಳಿಯುವ ಹಾಗೆ ಹೊಡೆಯಬೇಕು, ಬಿಸಿಲಿಳಿದ ಮೇಲೆ ಹೊಡೆಯಬೇಕು, ಎಲ್ಲ ಕಲಿತು ಬಂದ. ಅವನ ಬೆಳೆ ಉಳಿಯಿತು. ನಾನು ಅವನ ಹೊಲದ ಬದುವಿನ ಮೇಲೆ ಹೋಗಿ ನಿಂತು, ಅವನ ಬಾಯಿಂದ ಕಲಿಯಲು ಒಂದು ವಾರ ಯೋಚಿಸಿದೆ. ಆ ಒಂದು ವಾರದಲ್ಲಿ ಅರ್ಧ ಎಕರೆ ಹೋಯಿತು.

ನನ್ನ ಬುದ್ಧಿಗೆ ಏನೂ ಕಡಿಮೆ ಇರಲಿಲ್ಲ. ಗೊತ್ತಿಲ್ಲ ಅನ್ನುವ ಮುಜುಗರ ತಡೆದುಕೊಳ್ಳಲು ಆಗಲಿಲ್ಲ. ಶಾಲೆಯಲ್ಲಿ ಆ ಪೀರಿಯಡ್ ಇಟ್ಟರೆ ಮೊದಲು ಇದನ್ನು ಕಲಿಸಲಿ.

ಚೌಕಿಪೇಟೆ ಅಂಗಡಿ

ಮತ್ತೆ ಬಂದೆ. ಮೇಷ್ಟ್ರ ಮಾತು, ಹೊನ್ನಾಳಿಯವರ ಮಾತು ಎರಡೂ ರಾತ್ರಿ ತಲೆಯಲ್ಲಿ ಇದ್ದವು.

ನನ್ನ ಅಂಗಡಿಗೆ ಕ್ಯೂಆರ್ ಕೋಡ್ ಹಾಕಿಸಿದ್ದು ಎಲ್ಲರಿಗಿಂತ ಎರಡು ವರ್ಷ ತಡವಾಗಿ. ಫೋನ್ ಇತ್ತು, ಬ್ಯಾಂಕ್ ಖಾತೆ ಇತ್ತು. ಕೆಲಸದ ಹುಡುಗನ ಹತ್ತಿರ ಕೇಳಲು ಮನಸ್ಸು ಒಪ್ಪಲಿಲ್ಲ. ಗಿರಾಕಿಗಳು ‘ಫೋನ್‌ಪೇ ಇಲ್ವಾ’ ಅಂತ ಕೇಳಿ ಎದುರಿನ ಅಂಗಡಿಗೆ ಹೋಗುತ್ತಿದ್ದರು. ಕೊನೆಗೆ ಆ ಹುಡುಗನೇ, ಅಂಗಡಿ ಮುಚ್ಚಿದ ಮೇಲೆ, ಯಾರೂ ಇಲ್ಲದಾಗ, ‘ಸಾಹುಕಾರ್ರೇ, ಒಂದ್ಸಲ ನೋಡಿ’ ಅಂತ ತೋರಿಸಿಕೊಟ್ಟ. ನಾನು ಮೂರು ಸಲ ತಪ್ಪು ಒತ್ತಿದೆ. ಅವನು ಒಂದು ಸಲವೂ ‘ಇಷ್ಟು ಸಣ್ಣದು ಬರಲ್ವಾ’ ಅನ್ನಲಿಲ್ಲ. ಏಳನೇ ತರಗತಿಗೆ ಬಿಟ್ಟ ಹುಡುಗ ಅವನು. ಅವನಿಗೆ ಗೊತ್ತಿದ್ದದ್ದು ನನ್ನ ಮೇಷ್ಟ್ರುಗಳಿಗೆ ಗೊತ್ತಿರಲಿಲ್ಲ.

ಏಟಿನ ಮಾತು ವಾಪಸ್ ತಗೊಂಡೆ. ಆದರೆ ವರ್ಕ್‌ಬುಕ್‌ಗೆ ದುಡ್ಡು ಕೀಳುವುದು ತಪ್ಪು ಅನ್ನುವುದು ಹಾಗೇ ಇರಲಿ.

ಬೆಣ್ಣೆ ನಗರಿ

ಅಣ್ಣಾ, ಆ ಹುಡುಗನಿಗೆ ಇದನ್ನು ಹೇಳಿದಿರಾ?

ಚೌಕಿಪೇಟೆ ಅಂಗಡಿ

ಇಲ್ಲ. ಇವತ್ತು ಹೇಳುತ್ತೇನೆ.

ವಿದ್ಯಾನಗರ ಟ್ರೈನರ್

ಒಂದು ಪ್ರಶ್ನೆ. ಶಿಸ್ತು ಬೇಡವಾ ಹಾಗಾದರೆ? ಎಲ್ಲದಕ್ಕೂ ‘ಪಾಪ, ಮಗುವಿಗೆ ಬೇಸರ’ ಅಂದರೆ ಮಗು ಓದುತ್ತದಾ?

ಜಗಳೂರು ಟೀಚರ್

ಬೇಕು. ನನ್ನ ತರಗತಿಯಲ್ಲಿ ಹೋಂವರ್ಕ್ ಮಾಡದವರು ಮಧ್ಯಾಹ್ನದ ಊಟ ಆದ ಮೇಲೆ ನನ್ನ ಪಕ್ಕ ಕೂತು ಮುಗಿಸಲೇಬೇಕು. ವಿನಾಯಿತಿ ಇಲ್ಲ. ಆದರೆ ಯಾಕೆ ಮಾಡಲಿಲ್ಲ ಅಂತ ಅವರನ್ನೇ ಕೇಳುತ್ತೇನೆ, ಎಲ್ಲರ ಮುಂದೆ ಅಲ್ಲ. ತಪ್ಪಿಗೆ ಕೆಲಸ ಕೊಡಿ. ಅವಮಾನ ಮಾಡಬೇಡಿ.

ಕೋಟೆ ಹುಡುಗ

ಪರೀಕ್ಷೆ ಇಲಾಖೆಯವರೂ ಇದನ್ನೇ ಮಾಡಿದ್ದಾರೆ ಅನ್ನಿಸುತ್ತೆ. 2024ರಲ್ಲಿ ಎಸ್ಸೆಸ್ಸೆಲ್ಸಿ, ಪಿಯುಗೆ ಪರೀಕ್ಷೆ 1, 2, 3 ಅಂತ ಮಾಡಿದರು. ‘ಸಪ್ಲಿಮೆಂಟರಿ’ ಅನ್ನುವ ಪದವೇ ಹೋಯಿತು. ನಮ್ಮ ಅಕ್ಕ ಸಪ್ಲಿಮೆಂಟರಿ ಕಟ್ಟಿದಾಗ ಮನೆಯಿಂದ ಹೊರಗೆ ಬರುತ್ತಿರಲಿಲ್ಲ. ಈಗ ನನ್ನ ಗೆಳೆಯರು ‘ಎರಡರಲ್ಲಿ ಬರೀತೀನಿ’ ಅಂತ ಧೈರ್ಯವಾಗಿ ಹೇಳುತ್ತಾರೆ.

ಮಾಯಕೊಂಡ ಮೇಷ್ಟ್ರು

ಒಳ್ಳೆಯ ಮಾತು ತಮ್ಮಾ. ಒಂದು ಪದ ತೆಗೆದರೆ ಎಷ್ಟು ಹಗುರ ನೋಡು.

ನಿಟ್ಟುವಳ್ಳಿ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಬೇಕು.

ಶಾಲೆಗೆ ಹೋಗಿ ಗ್ರೇಡ್ ಬೇಡ ಅಂತ ನಾವು ಆರು ಜನ ಪೋಷಕರು ಬರೆದುಕೊಟ್ಟೆವು. ವರ್ಕ್‌ಬುಕ್ ಯಾರು ಓದುತ್ತಾರೆ ಅಂತಲೂ ಕೇಳಿದೆವು. ಯೋಚಿಸುತ್ತೇವೆ ಅಂದರು. ನೋಡೋಣ.

ಮಗಳ ಜೊತೆ ಬೇರೆ ಆಯಿತು. ಹೋಗಿ ಸುಮ್ನೆ ಪಕ್ಕದಲ್ಲಿ ಕೂತೆ. ‘ಅವತ್ತು ನಾನು ರೇಗಿದ್ದು ತಪ್ಪು’ ಅಂದೆ. ಆಮೇಲೆ ನಿಜ ಹೇಳಿದೆ: ‘ನನಗೂ ಈ ಲೆಕ್ಕ ಬರಲ್ಲ ಕಣೇ. ಆ ಕಡೆ ಹೋದರೆ ಗುರುತು ಯಾಕೆ ಬದಲಾಗುತ್ತೆ ಅಂತ ನನಗೆ ಹೈಸ್ಕೂಲಿನಲ್ಲೂ ತಿಳಿಯಲಿಲ್ಲ. ಕೇಳಲು ಹೆದರಿಕೆ ಆಗಿತ್ತು.’ ಅವಳು ನನ್ನ ಮುಖವನ್ನೇ ನೋಡಿದಳು. ‘ನಿನಗೂ ಬರಲ್ವಾ?’ ಅಂದಳು. ಎಷ್ಟೋ ದಿನ ಆದ ಮೇಲೆ ಅವಳ ಭುಜ ಸಡಿಲ ಆಗಿದ್ದು ಕಂಡೆ.

ಮೇಷ್ಟ್ರೇ, ಈಗ ನಮ್ಮಿಬ್ಬರಿಗೂ ಹೇಳಿಕೊಡಿ. ಲೆಕ್ಕ ಇದು: 5ರಲ್ಲಿ ಎರಡು ಎಕ್ಸ್ ಕಳೆದರೆ 11. ಎಕ್ಸ್ ಎಷ್ಟು?

ಮಾಯಕೊಂಡ ಮೇಷ್ಟ್ರು

ಅಮ್ಮಾ, ‘ಆ ಕಡೆ ಹೋಗುತ್ತದೆ’ ಅನ್ನುವ ಮಾತೇ ಮಕ್ಕಳ ದಾರಿ ತಪ್ಪಿಸಿದ್ದು. ನಾನೂ ಹಾಗೇ ಕಲಿಸಿದೆ. ಯಾವುದೂ ಎಲ್ಲಿಗೂ ಹೋಗುವುದಿಲ್ಲ. ಸಮ ಚಿಹ್ನೆ ಅಂದರೆ ತಕ್ಕಡಿ. ಎರಡೂ ತಟ್ಟೆ ಸಮ ಇವೆ. ಎಡ ತಟ್ಟೆಯಿಂದ 5 ತೆಗೆದರೆ ಬಲ ತಟ್ಟೆಯಿಂದಲೂ 5 ತೆಗೆಯಬೇಕು, ಇಲ್ಲದಿದ್ದರೆ ವಾಲುತ್ತದೆ. ಎಡದಲ್ಲಿ ಉಳಿದದ್ದು ಮೈನಸ್ ಎರಡು ಎಕ್ಸ್. ಬಲದಲ್ಲಿ 6. ಈಗ ಎರಡೂ ಕಡೆ ಮೈನಸ್ 2ರಿಂದ ಭಾಗಿಸಿ. ಎಕ್ಸ್ ಅಂದರೆ ಮೈನಸ್ 3.

ಇನ್ನೊಂದು. ಉತ್ತರ ಬಂದ ಮೇಲೆ ಪುಸ್ತಕದ ಹಿಂದೆ ನೋಡಬೇಡಿ. ಬಂದ ಸಂಖ್ಯೆಯನ್ನು ವಾಪಸ್ ಲೆಕ್ಕಕ್ಕೇ ಹಾಕಿ ನೋಡಿ. 3 ಹಾಕಿದರೆ 5ರಲ್ಲಿ 6 ಹೋಗಿ ಮೈನಸ್ 1 ಬರುತ್ತದೆ, 11 ಬರುವುದಿಲ್ಲ. ತಪ್ಪು ಯಾರೂ ಹೇಳಬೇಕಿಲ್ಲ, ಅವಳಿಗೇ ಕಾಣುತ್ತದೆ. ರಬ್ಬರ್ ಬೇಡ, ತಪ್ಪಿದ ಸಾಲಿನ ಕೆಳಗೆ ಗೆರೆ ಎಳೆದು ಹೊಸದಾಗಿ ಬರೆಯಲಿ.

ನಿಟ್ಟುವಳ್ಳಿ ಅಮ್ಮ

ಇಬ್ಬರೂ ಕೂತು ಮಾಡಿದೆವು. ಅಡುಗೆ ಮನೆಯಲ್ಲಿ ಹಳೇ ತಕ್ಕಡಿ ಇತ್ತು, ಅದನ್ನೂ ತಂದು ಇಟ್ಟಳು. 3 ವಾಪಸ್ ಹಾಕಿ ನೋಡಿದಾಗ ಮೈನಸ್ 1 ಬಂತು. ‘ಇಲ್ಲೇ ತಪ್ಪಿದ್ದು’ ಅಂತ ಅವಳೇ ಗೆರೆ ಎಳೆದಳು. ಹಾಳೆ ಹರಿಯಲಿಲ್ಲ.

ಮೈನಸ್ 3 ವಾಪಸ್ ಹಾಕಿದಾಗ ಇನ್ನೊಂದು ಕಡೆ ಸಿಕ್ಕಿಕೊಂಡೆವು. ಮೈನಸ್ 2 ಗುಣಿಲೆ ಮೈನಸ್ 3 ಪ್ಲಸ್ 6 ಆಗುತ್ತಲ್ಲ, ಯಾಕೆ? ಅವಳು ಕೇಳಿದಳು, ನನಗೂ ಗೊತ್ತಿಲ್ಲ.

ಮಾಯಕೊಂಡ ಮೇಷ್ಟ್ರು

ಅದಕ್ಕೆ ಸಾಲದ ಲೆಕ್ಕ ಹೇಳಬೇಕು. ತಲಾ 3 ರೂಪಾಯಿಯ ಎರಡು ಸಾಲದ ಚೀಟಿ ಇವೆ ಅಂದುಕೊಳ್ಳಿ. ಸಾಲ ಕೊಟ್ಟವರು ಬಂದು ಎರಡೂ ಚೀಟಿ ಹರಿದು ಹಾಕಿದರೆ ನಿಮ್ಮ ಪರಿಸ್ಥಿತಿ ಎಷ್ಟು ರೂಪಾಯಿ ಸುಧಾರಿಸಿತು? ಉತ್ತರ ಅವಳೇ ಹೇಳಲಿ, ನೀವು ಹೇಳಬೇಡಿ. ಎಷ್ಟು ಹೊತ್ತಾದರೂ ಪರವಾಗಿಲ್ಲ, ಕಾಯುತ್ತೇನೆ.